ಕೊನೆಯ ಸಾಲು ಒಂದೇ, ಕಾರಣ ಬೇರೆ ಬೇರೆ: ಈಮ್ಯಾಕ್ಸ್ ಹಿನ್ನೆಲೆ ಕಂಪೈಲ್ ಕೈಕೊಟ್ಟ ಒಂದು ಲ್ಯಾಬಿನ ಪ್ರಕರಣ

ಈ ಪ್ರಕರಣದಲ್ಲಿ ಕಾಲೇಜಿನ ಹೆಸರು, ಜನರ ಗುರುತು, ತಾರೀಖು ತೆಗೆದಿದೆ. ಕೆಲವು ಕಡತಗಳ ಹೆಸರನ್ನೂ ಬದಲಿಸಿದೆ. ಆದೇಶ ಮತ್ತು ಸೆಟ್ಟಿಂಗ್‌ಗಳ ಹೆಸರು ಕನ್ನಡ ಲಿಪಿಯಲ್ಲಿವೆ. ಗಣಕದಲ್ಲಿ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿ, ನಡುವಿನ ಅಡ್ಡಗೆರೆ ಬಿಡದೆ ಬರೆಯಬೇಕು.

ಲ್ಯಾಬು ಮತ್ತು ಅದರ ಎಡಿಟರ್

ವಿಜಯಪುರ ನಗರದ ಒಂದು ಡಿಪ್ಲೊಮಾ ಕಾಲೇಜು. ಒಟ್ಟು 24 ಸಿಸ್ಟಮ್‌ಗಳು: 14 ಸಿ ಲ್ಯಾಬಿನಲ್ಲಿ, 9 ಕನ್ನಡ ಟೈಪಿಂಗ್ ಕೋಣೆಯಲ್ಲಿ, 1 ಇನ್‌ಸ್ಟ್ರಕ್ಟರ್ ಮೇಜಿನ ಮೇಲೆ. ಎಲ್ಲವೂ ನಾಲ್ಕು ಕೋರಿನವು, ಎಲ್ಲದರಲ್ಲೂ ಉಬುಂಟು 22.04. ಸಿ ಪ್ರೋಗ್ರಾಂ ಬರೆಯಲು, ಆರ್ಗ್ ಮೋಡ್‌ನಲ್ಲಿ ಪ್ರಾಜೆಕ್ಟ್ ವರದಿ ಸಿದ್ಧಪಡಿಸಲು, ಕನ್ನಡದಲ್ಲಿ ನೋಟ್ಸ್ ಮಾಡಲು, ಇಂಟರ್ನಲ್ ಮಾರ್ಕ್ಸ್ ಪಟ್ಟಿ ಇಡಲು ಎಲ್ಲ ಕಡೆ ಈಮ್ಯಾಕ್ಸ್ ಎಂಬ ಪಠ್ಯ ಎಡಿಟರ್ ಒಂದನ್ನೇ ಬಳಸೋಣ ಎಂದು ಸಿಬ್ಬಂದಿ ನಿರ್ಧರಿಸಿದರು. ಉಬುಂಟು 22.04ರ ಭಂಡಾರದಲ್ಲಿ ಸಿಗುವ ಈಮ್ಯಾಕ್ಸ್ 27.1. ಅವರಿಗೆ ಬೇಕಾಗಿದ್ದದ್ದು 29.1. ಹಾಗಾಗಿ ಇನ್‌ಸ್ಟ್ರಕ್ಟರ್ ಸಿಸ್ಟಮ್‌ನಲ್ಲಿ ಮೂಲ ಕೋಡಿನಿಂದ ಕಟ್ಟಿದರು, ನೇಟಿವ್ ಕಂಪೈಲ್ ಸೌಲಭ್ಯ ಸೇರಿಸಿ.

ಈ ಸೌಲಭ್ಯ ಈಮ್ಯಾಕ್ಸ್‌ಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 28.1ರಲ್ಲಿ, ಅದರ ಮುಖ್ಯ ಕೆಲಸ ಆಂಡ್ರಿಯಾ ಕೊರಾಲ್ಲೊ ಅವರದು. ಅದಕ್ಕೂ ಮುಂಚೆ ಈಮ್ಯಾಕ್ಸ್‌ನ ಲಿಸ್ಪ್ ಭಾಷೆಯ ಕಡತಗಳಿಗೆ ಎರಡೇ ರೂಪ ಇದ್ದವು: ಡಾಟ್ ಇಎಲ್ ಎಂಬ ಮೂಲ, ಡಾಟ್ ಇಎಲ್‌ಸಿ ಎಂಬ ಬೈಟ್ ಕೋಡ್, ಅಂದರೆ ಈಮ್ಯಾಕ್ಸ್ ತಾನೇ ಓದಿ ನಡೆಸುವ ಮಧ್ಯದ ರೂಪ. ಈಗ ಮೂರನೆಯದು ಡಾಟ್ ಇಎಲ್‌ಎನ್, ಅಂದರೆ ಯಂತ್ರದ ಕೋಡನ್ನೇ ಹೊತ್ತ ಹಂಚಿಕೆ ಲೈಬ್ರರಿ. ಬೈಟ್ ಕೋಡ್ ಕಡತವೊಂದು ಲೋಡ್ ಆದಾಗ ಅದಕ್ಕೆ ಜೋಡಿಯಾದ ಇಎಲ್‌ಎನ್ ಇಲ್ಲದಿದ್ದರೆ, ಈಮ್ಯಾಕ್ಸ್ ಹಿನ್ನೆಲೆಯಲ್ಲಿ ಇನ್ನೊಂದು ಈಮ್ಯಾಕ್ಸನ್ನು ಬ್ಯಾಚ್ ರೂಪದಲ್ಲಿ ಎಬ್ಬಿಸಿ, ಮೂಲ ಕಡತವನ್ನು ಕಂಪೈಲ್ ಮಾಡಿಸುತ್ತದೆ. ಮುಗಿದ ಕೂಡಲೇ ಹೊಸ ಕೋಡನ್ನು ನಡೆಯುತ್ತಿರುವ ಎಡಿಟರಿಗೇ ತಂದು ಕೂರಿಸುತ್ತದೆ. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಪ್ರಕರಣದ ಅತಿ ಗಂಭೀರ ಭಾಗ ಅಲ್ಲಿಂದಲೇ ಹುಟ್ಟಿತು.

ಕಟ್ಟಿದ ಈಮ್ಯಾಕ್ಸನ್ನು ‘ಆಪ್ಟ್’ ಫೋಲ್ಡರಿನಲ್ಲಿಟ್ಟು, ಅದರ ಜೊತೆ ಲಿಬ್‌ಜಿಸಿಸಿಜಿಟ್ ಲೈಬ್ರರಿಯನ್ನೂ (ಇಎಲ್‌ಎನ್ ಹುಟ್ಟಿಸಲು ಈಮ್ಯಾಕ್ಸ್ ಬಳಸುವ, ಜಿಸಿಸಿ ಎಂಬ ಕಂಪೈಲರ್‌ನ ಭಾಗ) ಇಟ್ಟು, ಇಡೀ ಫೋಲ್ಡರನ್ನು ಉಳಿದ 23 ಸಿಸ್ಟಮ್‌ಗಳಿಗೆ ನಕಲು ಮಾಡಿದರು. ಯಾವ ಲೈಬ್ರರಿ ಬೇಕು ಎಂದು ‘ಎಲ್‌ಡಿಡಿ’ ಆದೇಶದಿಂದ ನೋಡಿ, ಒಂದೂ ಬಿಡದೆ ಸೇರಿಸಿದ್ದರು. ಈಮ್ಯಾಕ್ಸ್ ಎಲ್ಲ ಕಡೆ ಸಲೀಸಾಗಿ ತೆರೆಯಿತು. ‘ನೇಟಿವ್-ಕಾಂಪ್-ಅವೈಲೆಬಲ್-ಪಿ’ ಎಂದು ಕೇಳಿದರೆ ಎಲ್ಲ ಕಡೆ ‘ಟಿ’, ಅಂದರೆ ಹೌದು ಎಂಬ ಉತ್ತರ ಬಂತು. ಕೆಲಸ ಮುಗಿಯಿತು ಎಂದುಕೊಂಡರು.

ಮೂರು ದೂರುಗಳು

ಒಂದು ವಾರದೊಳಗೆ ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಮೂರು ಬೇರೆ ಬೇರೆ ದೂರು ಬಂದವು.

ಮೊದಲನೆಯದು ಎಲ್ಲ ವಿದ್ಯಾರ್ಥಿಗಳದು. ಟೈಪ್ ಮಾಡುತ್ತಿದ್ದಂತೆ ಪರದೆ ಎರಡು ಹೋಳಾಗಿ ‘ವಾರ್ನಿಂಗ್ಸ್’ ಎಂಬ ಕಿಟಕಿ ಎದ್ದುಬರುತ್ತಿತ್ತು. ಎರಡನೆಯದು ಲ್ಯಾಬ್ ಅಟೆಂಡರ್ ಅವರದು: “ಸರ, ಎಡಿಟರ್ ತಗದ್ರ ಸಾಕು, ಫ್ಯಾನ್ ಒದರಲಿಕ್ಕೆ ಹತ್ತತದರಿ. ಬಂದ್ ಮಾಡಿ ಮತ್ತ ತಗದ್ರ ಮತ್ತ ಅದ.” ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ, ಏಸಿ ಇಲ್ಲದ ಕೋಣೆಯಲ್ಲಿ ಇದು ಸಣ್ಣ ದೂರಲ್ಲ. ಮೂರನೆಯದು ಟೈಪಿಂಗ್ ಕೋಣೆಯಿಂದ ಮಾತ್ರ: ಎಡಿಟರ್ ತೆರೆದರೆ ಕನ್ನಡ ಇನ್‌ಸ್ಕ್ರಿಪ್ಟ್ ತಾನಾಗಿ ಬರಬೇಕು, ಬರುತ್ತಿಲ್ಲ, ಪ್ರತಿ ಸಲ ಕೈಯಿಂದ ಆರಿಸಬೇಕು.

ಮೂರನ್ನೂ ಮೂರು ಸಮಸ್ಯೆಗಳಾಗಿ ಬರೆದುಕೊಂಡರು, ಮೂವರಿಗೆ ಹಂಚಿದರು. ಸಮಯ ಹಾಳಾದದ್ದಕ್ಕೆ ದೊಡ್ಡ ಕಾರಣ ಇದೇ. ಹಾಗೆ ಹಂಚಿದ್ದು ಅಸಹಜವೇನಲ್ಲ. ವಾರ್ನಿಂಗ್‌ಗೂ ಕನ್ನಡ ಕೀಲಿಮಣೆಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸುತ್ತದೆ.

ಬಾಯಿ ಮುಚ್ಚಿಸಿದ ಸೆಟ್ಟಿಂಗ್

ಮೊದಲ ದೂರಿಗೆ ಕೈಗೊಂಡ ಕ್ರಮ ಬಹಳ ಸರಳ. ‘ನೇಟಿವ್-ಕಾಂಪ್-ಅಸಿಂಕ್-ರಿಪೋರ್ಟ್-ವಾರ್ನಿಂಗ್ಸ್-ಎರರ್ಸ್’ ಎಂಬ ಸೆಟ್ಟಿಂಗಿಗೆ ‘ಸೈಲೆಂಟ್’ ಎಂಬ ಬೆಲೆ ಕೊಟ್ಟರು. ಕಿಟಕಿ ಏಳುವುದು ನಿಂತಿತು. ಎಲ್ಲರಿಗೂ ಸಮಾಧಾನವಾಯಿತು.

ಆ ಸೆಟ್ಟಿಂಗ್ ಮಾಡುವುದು ಇಷ್ಟೇ: ವಾರ್ನಿಂಗ್‌ಗಳನ್ನು ಬರೆದಿಡುತ್ತದೆ, ಕಿಟಕಿ ಎಬ್ಬಿಸುವುದಿಲ್ಲ. ಎಲ್ಲ ಸರಿಯಿರುವ ಸಿಸ್ಟಮ್‌ನಲ್ಲಿ ಇದನ್ನು ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಹೊರಗಿನ ಪ್ಯಾಕೇಜುಗಳ ಲೇಖಕರು ಬಿಟ್ಟ ಚಿಕ್ಕಪುಟ್ಟ ಲೋಪಗಳೇ ನೂರಾರು ವಾರ್ನಿಂಗ್ ಕೊಡುತ್ತವೆ, ಬಳಸುವವರು ಅದಕ್ಕೆ ಮಾಡಬೇಕಾದದ್ದು ಏನೂ ಇರುವುದಿಲ್ಲ. ಆದರೆ ಇಲ್ಲಿ ಲಾಗನ್ನು ಒಮ್ಮೆಯೂ ಪೂರ್ತಿ ಓದದೆ ಬಾಯಿ ಮುಚ್ಚಿಸಿದರು. ಅದು ತಪ್ಪು ನಿರ್ಧಾರ. ಅದರ ಬೆಲೆ ಮುಂದೆ ತಿಳಿಯಿತು.

ಫ್ಯಾನ್ ಒದರುವುದು ನಿಲ್ಲಲಿಲ್ಲ. ಕಂಪೈಲ್ ವಿಫಲವಾದರೆ ಇಎಲ್‌ಎನ್ ಕಡತ ಹುಟ್ಟುವುದಿಲ್ಲ. ಕಡತ ಇಲ್ಲದ್ದರಿಂದ ಮುಂದಿನ ಸಲ ಎಡಿಟರ್ ತೆರೆದಾಗ ಅದೇ ಕೆಲಸ ಮತ್ತೆ ಸಾಲಿಗೆ ನಿಲ್ಲುತ್ತದೆ. ಸರಿಯಾದ ಸಿಸ್ಟಮ್‌ನಲ್ಲಿ ಮೊದಲ ಒಂದೆರಡು ದಿನ ಮಾತ್ರ ಇರಬೇಕಾದ ಶಾಖ, ಇಲ್ಲಿ ದಿನಾಲೂ. ನಡೆಯುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ‘ಟಾಪ್’ ಹಾಕಿ ನೋಡಿದರೆ ಒಂದು ಈಮ್ಯಾಕ್ಸ್ ತೆರೆದ ಕಡೆ ಮೂರು ಕಾಣುತ್ತಿದ್ದವು. ‘ನೇಟಿವ್-ಕಾಂಪ್-ಅಸಿಂಕ್-ಜಾಬ್ಸ್-ನಂಬರ್’ ಸೊನ್ನೆ ಇದ್ದರೆ ಕೋರುಗಳ ಅರ್ಧದಷ್ಟು ಕೆಲಸ ಒಟ್ಟಿಗೆ ನಡೆಯುತ್ತವೆ. ನಾಲ್ಕು ಕೋರಿಗೆ ಎರಡು, ಮೇಲೆ ಬಳಸುವವರದು ಒಂದು.

ನಡುವೆ ಒಬ್ಬರು ಇಎಲ್‌ಎನ್ ಕಡತಗಳು ಕೂಡಿಡುವ ‘ಇಎಲ್‌ಎನ್-ಕ್ಯಾಶ್’ ಫೋಲ್ಡರನ್ನೇ ಅಳಿಸಿ ನೋಡಿದರು. ಕೆಡುಕು ಹಳೆಯ ಕಡತಗಳಲ್ಲಿದ್ದರೆ ಇದು ಸರಿಯಾದ ಮದ್ದು. ಇಲ್ಲಿ ಕಡತಗಳೇ ಹುಟ್ಟುತ್ತಿರಲಿಲ್ಲ. ಇನ್ನೊಬ್ಬರಿಗೆ ‘ಟಿಪ್ಪಣಿ’ ಎಂದು ಕನ್ನಡದಲ್ಲೇ ಹೆಸರಿಟ್ಟ ಫೋಲ್ಡರಿನ ಮೇಲೆ ಅನುಮಾನ. ಅದೇ ಕಡತಗಳನ್ನು ರೋಮನ್ ಹೆಸರಿನ ಫೋಲ್ಡರಿಗೆ ಹಾಕಿದಾಗಲೂ ಅದೇ ಎರರ್ ಬಂತು, ಅನುಮಾನ ಅಲ್ಲಿಗೆ ಮುಗಿಯಿತು. ಒಂದೇ ಬದಲಾವಣೆ, ಸ್ಪಷ್ಟ ಉತ್ತರ. ಆ ಪ್ರಯೋಗ ಚೆನ್ನಾಗಿತ್ತು.

ಲಾಗ್ ಓದಿದ ದಿನ

ತಿರುವು ಬಂದದ್ದು ಒಬ್ಬರು ‘ಅಸಿಂಕ್-ನೇಟಿವ್-ಕಂಪೈಲ್-ಲಾಗ್’ ಬಫರನ್ನು ತೆರೆದು, ಟೈಪಿಂಗ್ ಕೋಣೆಯ ಒಂದು ಮತ್ತು ಸಿ ಲ್ಯಾಬಿನ ಒಂದು ಸಿಸ್ಟಮ್‌ನ ಲಾಗನ್ನು ಅಕ್ಕಪಕ್ಕ ಇಟ್ಟಾಗ. ಎರಡರಲ್ಲೂ ಕೊನೆಯ ಸಾಲು ಅಕ್ಷರಶಃ ಒಂದೇ: ‘ಲಿಬ್‌ಜಿಸಿಸಿಜಿಟ್ ಡಾಟ್ ಎಸ್‌ಓ: ಎರರ್: ಎರರ್ ಇನ್ವೋಕಿಂಗ್ ಜಿಸಿಸಿ ಡ್ರೈವರ್’. ಅಲ್ಲಿಯವರೆಗೆ ಎಲ್ಲರೂ ಹುಡುಕಿದ್ದು ಈ ಸಾಲನ್ನೇ. ಅದರ ಮೇಲಿನ ಸಾಲುಗಳು ಮಾತ್ರ ಬೇರೆ ಬೇರೆ ಇದ್ದವು.

ಟೈಪಿಂಗ್ ಕೋಣೆಯ ಲಾಗಿನಲ್ಲಿ, ‘ಎಎಸ್’ ಎಂಬುದನ್ನು ನಡೆಸಲಾಗಲಿಲ್ಲ, ಅಂಥ ಕಡತವೇ ಇಲ್ಲ ಎಂಬ ಅರ್ಥದ ಸಾಲು. ಸಿ ಲ್ಯಾಬಿನ ಲಾಗಿನಲ್ಲಿ ಲಿಂಕರ್‌ನ ದೂರು: ‘ಸಿಆರ್‌ಟಿಬಿಗಿನ್‌ಎಸ್ ಡಾಟ್ ಓ’ ಸಿಗಲಿಲ್ಲ, ‘ಎಲ್‌ಜಿಸಿಸಿ’ ಸಿಗಲಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಲಿಬ್‌ಜಿಸಿಸಿಜಿಟ್ ನಡೆಯುವ ಬಗೆ ಗೊತ್ತಿರಬೇಕು. ಅದು ನೇರವಾಗಿ ಯಂತ್ರದ ಕೋಡ್ ಕೊಡುವುದಿಲ್ಲ. ಮೊದಲು ಅಸೆಂಬ್ಲಿ ಪಠ್ಯ ಬರೆಯುತ್ತದೆ. ಆಮೇಲೆ ತನ್ನೊಳಗೇ ಇರುವ ಜಿಸಿಸಿ ಡ್ರೈವರ್ ಮೂಲಕ ಹೊರಗಿನ ಎರಡು ಪ್ರೋಗ್ರಾಂಗಳನ್ನು ಕರೆಯುತ್ತದೆ: ಅಸೆಂಬ್ಲರ್ ಆದ ‘ಎಎಸ್’, ಲಿಂಕರ್ ಆದ ‘ಎಲ್‌ಡಿ’. ಲಿಂಕರ್‌ಗೆ ಮತ್ತೆ ಕೆಲವು ಸಿದ್ಧ ತುಣುಕುಗಳು ಬೇಕು. ಎಎಸ್ ಮತ್ತು ಎಲ್‌ಡಿ ಉಬುಂಟುವಿನ ‘ಬಿನ್‌ಯುಟಿಲ್ಸ್’ ಪ್ಯಾಕೇಜಿನವು. ‘ಸಿಆರ್‌ಟಿಐ ಡಾಟ್ ಓ’ ಎಂಬ ತುಣುಕು ‘ಲಿಬ್‌ಸಿ6-ಡೆವ್’ ಪ್ಯಾಕೇಜಿನದು. ಸಿಆರ್‌ಟಿಬಿಗಿನ್‌ಎಸ್ ಮತ್ತು ಲಿಬ್‌ಜಿಸಿಸಿ ‘ಲಿಬ್‌ಜಿಸಿಸಿ-12-ಡೆವ್’ ಅಥವಾ ಆಯಾ ಆವೃತ್ತಿಯ ಪ್ಯಾಕೇಜಿನವು.

ಎಲ್‌ಡಿಡಿ ಇವುಗಳಲ್ಲಿ ಒಂದನ್ನೂ ತೋರಿಸುವುದಿಲ್ಲ. ಅದು ತೋರಿಸುವುದು ಪ್ರೋಗ್ರಾಂ ಎದ್ದು ನಿಲ್ಲಲು ಬೇಕಾದ ಲೈಬ್ರರಿಗಳನ್ನು. ಎದ್ದ ಮೇಲೆ ಅದು ಯಾರನ್ನು ಕರೆಯುತ್ತದೆ ಎಂಬುದನ್ನಲ್ಲ. ‘ಅವೈಲೆಬಲ್-ಪಿ’ಯ ಹೌದು ಎಂಬ ಉತ್ತರವೂ ಲೈಬ್ರರಿ ಸಿಕ್ಕಿತು ಎಂಬಷ್ಟಕ್ಕೇ ಸಾಕ್ಷಿ. ಜೋಳ ಬೀಸಿ ಹಿಟ್ಟು ಬಂದಿತ್ತು, ಹಂಚು ಮನೆಯಲ್ಲಿರಲಿಲ್ಲ. ಪ್ಯಾಕೇಜ್ ವ್ಯವಸ್ಥೆಯ ಮೂಲಕ ಹಾಕಿದ್ದರೆ ಅವಲಂಬನೆಗಳನ್ನು ಅದು ನೋಡಿಕೊಳ್ಳುತ್ತಿತ್ತು. ಕೈಯಿಂದ ಫೋಲ್ಡರ್ ನಕಲು ಮಾಡಿದಾಗ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.

ಟೈಪಿಂಗ್ ಕೋಣೆ

ಈ ಒಂಬತ್ತು ಸಿಸ್ಟಮ್‌ಗಳಲ್ಲಿ ಡಿಸ್ಕಿನ ಜಾಗ ಉಳಿಸಲೆಂದು ಹಿಂದೆಯೇ ಕಂಪೈಲರ್‌ಗೆ ಸಂಬಂಧಪಟ್ಟ ಪ್ಯಾಕೇಜುಗಳನ್ನೆಲ್ಲ ತೆಗೆದಿದ್ದರು. ಟರ್ಮಿನಲ್‌ನಲ್ಲಿ ಎಎಸ್‌ನ ಆವೃತ್ತಿ ಕೇಳಿದರೆ ಆದೇಶವೇ ಸಿಗುತ್ತಿರಲಿಲ್ಲ. ಬಿನ್‌ಯುಟಿಲ್ಸ್ ಹಾಕಿದರು. ಎರರ್ ಹೋಗಲಿಲ್ಲ, ಕೊನೆಯ ಸಾಲು ಅದೇ ಉಳಿಯಿತು. “ಏನೂ ಫರಕ ಆಗ್ಲಿಲ್ಲರಿ” ಎಂದು ಆ ಸಂಜೆ ಕೈಬಿಡುವ ಮಾತೂ ಬಂತು. ನಿಜಕ್ಕೂ ಫರಕು ಆಗಿತ್ತು: ಮೇಲಿನ ಸಾಲು ಬದಲಾಗಿತ್ತು. ಈಗ ಎಎಸ್ ಬಗ್ಗೆ ದೂರಿಲ್ಲ. ಸಿಆರ್‌ಟಿಐ, ಸಿಆರ್‌ಟಿಬಿಗಿನ್‌ಎಸ್, ಎಲ್‌ಜಿಸಿಸಿ ಮೂರೂ ಸಿಗುತ್ತಿಲ್ಲ ಎಂಬ ದೂರು. ಅಂದರೆ ಕೆಲಸ ಅಸೆಂಬ್ಲರ್ ದಾಟಿ ಲಿಂಕರ್‌ವರೆಗೆ ಬಂದು ನಿಂತಿತ್ತು.

ಮೂರನೆಯ ದೂರಿನ ಗಂಟು ಬಿಚ್ಚಿದ್ದೂ ಈ ಕೋಣೆಯಲ್ಲೇ. ನಡುವೆ ಒಬ್ಬರು ‘ನೇಟಿವ್-ಕಾಂಪ್-ಜಿಟ್-ಕಂಪೈಲೇಶನ್’ ಸೆಟ್ಟಿಂಗನ್ನು ‘ನಿಲ್’, ಅಂದರೆ ಇಲ್ಲ ಎಂದು ಮಾಡಿ ಹಿನ್ನೆಲೆ ಕಂಪೈಲನ್ನೇ ನಿಲ್ಲಿಸಿ ನೋಡಿದ್ದರು. ಫ್ಯಾನ್ ಶಾಂತವಾಯಿತು, ಕನ್ನಡ ಕೀಲಿಮಣೆ ಮಾತ್ರ ಬರಲಿಲ್ಲ. ‘ಡೀಬಗ್-ಇನಿಟ್’ ಸ್ವಿಚ್ ಹಾಕಿ ತೆರೆದಾಗ ಕಂಡದ್ದು, ಹೆಸರಿನಲ್ಲಿ ‘ಸಬ್ರ್--ಟ್ರ್ಯಾಂಪೊಲಿನ್’ ಎಂದಿದ್ದ ಒಂದು ಕಡತ ಕಂಪೈಲ್ ಆಗಲಿಲ್ಲ ಎಂಬ ಎರರ್.

ಈಮ್ಯಾಕ್ಸ್‌ನ ಕೆಲವು ಮೂಲ ಫಂಕ್ಷನ್‌ಗಳು ಸಿ ಭಾಷೆಯಲ್ಲಿವೆ. ನೇಟಿವ್ ಕೋಡ್ ಅವನ್ನು ನೇರವಾಗಿ ಕರೆಯುತ್ತದೆ. ಯಾವುದಾದರೂ ಪ್ಯಾಕೇಜು ಅಂಥ ಫಂಕ್ಷನ್‌ಗೆ ‘ಅಡ್ವೈಸ್’, ಅಂದರೆ ಅದರ ನಡೆಯನ್ನು ಹೊರಗಿನಿಂದ ಬದಲಿಸುವ ಕೋಡ್ ಹಚ್ಚಿದರೆ, ಆ ನೇರ ಕರೆಯನ್ನು ತಿರುಗಿಸಲು ಟ್ರ್ಯಾಂಪೊಲಿನ್ ಎಂಬ ಪುಟ್ಟ ಕಡತವೊಂದನ್ನು ಆ ಕ್ಷಣವೇ ಕಂಪೈಲ್ ಮಾಡಬೇಕಾಗುತ್ತದೆ. ಇದು ಹಿನ್ನೆಲೆಯಲ್ಲಿ ನಡೆಯುವುದಿಲ್ಲ, ಮುನ್ನೆಲೆಯಲ್ಲೇ ನಡೆಯುತ್ತದೆ, ಹಾಗಾಗಿ ಜಿಟ್ ನಿಲ್ಲಿಸಿದರೂ ಇದು ನಿಲ್ಲುವುದಿಲ್ಲ. ಇಲ್ಲಿ ಇನಿಟ್ ಕಡತದ (ಎಡಿಟರ್ ಎದ್ದ ಕೂಡಲೇ ಓದುವ ಸೆಟ್ಟಿಂಗ್ ಕಡತ) ನಡುವಿನ ಒಂದು ಸಾಲು ಅಂಥ ಅಡ್ವೈಸ್ ಹಚ್ಚುತ್ತಿತ್ತು. ಟ್ರ್ಯಾಂಪೊಲಿನ್ ವಿಫಲವಾಗಿ ಎರರ್ ಎದ್ದು, ಇನಿಟ್ ಕಡತ ಅರ್ಧಕ್ಕೇ ನಿಲ್ಲುತ್ತಿತ್ತು. ಕನ್ನಡ ಇನ್‌ಸ್ಕ್ರಿಪ್ಟ್ ಆರಿಸುವ ಸಾಲು ಅದರ ಕೆಳಗಿತ್ತು. ಸಿ ಲ್ಯಾಬಿನಲ್ಲೂ ಹೀಗೇ ಆಗುತ್ತಿತ್ತು. ಅಲ್ಲಿ ಯಾರೂ ಕನ್ನಡ ಟೈಪ್ ಮಾಡದ ಕಾರಣ ಯಾರ ಗಮನಕ್ಕೂ ಬರಲಿಲ್ಲ.

ಅವಸರಕ್ಕೆ ‘ನೇಟಿವ್-ಕಾಂಪ್-ಎನೇಬಲ್-ಸಬ್ರ್-ಟ್ರ್ಯಾಂಪೊಲಿನ್ಸ್’ ಅನ್ನೂ ನಿಲ್ ಮಾಡಿ, ಮರುದಿನದ ತರಗತಿ ನಡೆಸಿದರು. ಇದು ತಾತ್ಕಾಲಿಕ ತೇಪೆ ಅಷ್ಟೇ. ಹೀಗೆ ನಿಲ್ಲಿಸಿದಾಗ ನೇಟಿವ್ ಕೋಡಿನಿಂದ ಹೋಗುವ ಕರೆಗಳಿಗೆ ಆ ಅಡ್ವೈಸ್ ತಟ್ಟುವುದಿಲ್ಲ, ಪ್ಯಾಕೇಜು ಸದ್ದಿಲ್ಲದೆ ಅರೆಬರೆ ಕೆಲಸ ಮಾಡುತ್ತದೆ. ಮೂಲ ದೋಷ ಸರಿಯಾದ ಕೂಡಲೇ ಈ ಎರಡೂ ಸಾಲು ತೆಗೆಯಬೇಕೆಂದು ಇನಿಟ್ ಕಡತದಲ್ಲೇ ಟಿಪ್ಪಣಿ ಬರೆದಿಟ್ಟರು. ಒಳ್ಳೆಯ ಕೆಲಸ, ಇಂಥ ತಾತ್ಕಾಲಿಕ ಸಾಲುಗಳು ವರ್ಷಗಟ್ಟಲೆ ಉಳಿದುಬಿಡುವುದೇ ಹೆಚ್ಚು.

ಸಿ ಲ್ಯಾಬ್

ಇಲ್ಲಿ ದಾರಿ ತಪ್ಪಿಸಿದ್ದು ಒಂದು ಸರಿಯಾದ ಪರೀಕ್ಷೆಯ ತಪ್ಪು ತೀರ್ಮಾನ. ಇದು ಸಿ ಲ್ಯಾಬ್. ವಿದ್ಯಾರ್ಥಿಗಳು ದಿನಾಲೂ ಜಿಸಿಸಿಯಲ್ಲಿ ಪ್ರೋಗ್ರಾಂ ಕಂಪೈಲ್ ಮಾಡುತ್ತಾರೆ. “ಕಂಪೈಲರ್ ಛಲೋ ಅದ, ಅಂದ್ರ ತಪ್ಪು ಈಮ್ಯಾಕ್ಸಿಂದ” ಎಂಬ ಮಾತಿಗೆ ಎಲ್ಲರೂ ತಲೆಯಾಡಿಸಿದರು.

ಉಬುಂಟು 22.04ರಲ್ಲಿ ರೂಢಿಯ ಜಿಸಿಸಿ ಆವೃತ್ತಿ 11. ಇನ್‌ಸ್ಟ್ರಕ್ಟರ್ ಸಿಸ್ಟಮ್‌ನಿಂದ ನಕಲಾಗಿ ಬಂದ ಲಿಬ್‌ಜಿಸಿಸಿಜಿಟ್ 12ರ ಸರಣಿಯದು. ಅದರೊಳಗಿನ ಡ್ರೈವರ್ ತನ್ನದೇ ಆವೃತ್ತಿಯ ಫೋಲ್ಡರಿನಲ್ಲಿ, ಅಂದರೆ ಜಿಸಿಸಿ ಲೈಬ್ರರಿ ಫೋಲ್ಡರಿನ ಒಳಗಿನ ‘12’ರಲ್ಲಿ ಸಿಆರ್‌ಟಿಬಿಗಿನ್‌ಎಸ್ ಹುಡುಕುತ್ತದೆ. ‘ಫೈಂಡ್’ ಆದೇಶದಿಂದ ಆ ಹೆಸರಿನ ಕಡತ ಎಲ್ಲೆಲ್ಲಿದೆ ಎಂದು ಕೇಳಿದಾಗ ಒಂದೇ ಉತ್ತರ ಬಂತು: ‘11’ರಲ್ಲಿ. ಸಿ ಪ್ರೋಗ್ರಾಂಗಳು 11ರ ಕಂಪೈಲರ್‌ನಿಂದ 11ರ ತುಣುಕು ತೆಗೆದುಕೊಂಡು ಸುಖವಾಗಿ ಕಂಪೈಲ್ ಆಗುತ್ತಿದ್ದವು. 12ರವನಿಗೆ ಮನೆಯೇ ಇರಲಿಲ್ಲ.

ಒಬ್ಬರು ‘ಲೈಬ್ರರಿ_ಪಾತ್’ ಎಂಬ ಪರಿಸರ ಚರಾಂಶಕ್ಕೆ (ಪ್ರೋಗ್ರಾಂ ಏಳುವಾಗ ತನ್ನನ್ನು ಎಬ್ಬಿಸಿದವರಿಂದ ಪಡೆಯುವ ಬೆಲೆ) 11ರ ಫೋಲ್ಡರಿನ ಹಾದಿ ಕೊಟ್ಟು ‘ಬ್ಯಾಶ್‌ಆರ್‌ಸಿ’ ಕಡತದಲ್ಲಿ ಬರೆದರು. ಈ ಹೆಸರನ್ನು ದೊಡ್ಡಕ್ಷರದಲ್ಲಿ, ಕೆಳಗೆರೆ ಸೇರಿಸಿ ಬರೆಯಬೇಕು. ಟರ್ಮಿನಲ್‌ನಿಂದ ಈಮ್ಯಾಕ್ಸ್ ತೆರೆದರೆ ಕಂಪೈಲ್ ಆಯಿತು. ಮೆನುವಿನ ಚಿತ್ರ ಒತ್ತಿ ತೆರೆದರೆ ಆಗಲಿಲ್ಲ. ಅರ್ಧ ದಿನ ಈ ಗೊಂದಲಕ್ಕೆ ಹೋಯಿತು. ಬ್ಯಾಶ್‌ಆರ್‌ಸಿಯನ್ನು ಓದುವುದು ಟರ್ಮಿನಲ್‌ನಲ್ಲಿ ತೆರೆಯುವ ಶೆಲ್. ಮೆನುವಿನಿಂದ ಏಳುವ ಪ್ರೋಗ್ರಾಂಗೆ ಆ ಸಾಲುಗಳ ಪರಿಚಯವೇ ಇರುವುದಿಲ್ಲ. ಹಿನ್ನೆಲೆಯ ಈಮ್ಯಾಕ್ಸ್ ತನ್ನನ್ನು ಎಬ್ಬಿಸಿದ ಈಮ್ಯಾಕ್ಸ್‌ನಿಂದ ಪರಿಸರವನ್ನು ಪಡೆಯುತ್ತದೆ. ತಾಯಿಗೆ ಇಲ್ಲದ್ದು ಮಗುವಿಗೂ ಇಲ್ಲ. ಟರ್ಮಿನಲ್‌ನಲ್ಲಿ ಸರಿ, ಮೆನುವಿನಲ್ಲಿ ತಪ್ಪು ಎಂಬ ಲಕ್ಷಣ ಕಂಡರೆ ಬೇರೆಲ್ಲ ಬಿಟ್ಟು ಮೊದಲು ಪರಿಸರ ಚರಾಂಶಗಳನ್ನು ಹೋಲಿಸಿ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಎಂಬ ಪ್ಯಾಕೇಜ್ ವ್ಯವಸ್ಥೆಯ ಮೂಲಕ ಹಾಕಿದವರಿಗೆ ಇದೇ ತೊಂದರೆ ‘ಎಲ್‌ಇಎಂಯುಟಿಎಲ್‌ಎಸ್_ಡಬ್ಲ್ಯೂ’ ಲೈಬ್ರರಿ ಸಿಗಲಿಲ್ಲ ಎಂಬ ರೂಪದಲ್ಲಿ ಬರುತ್ತದೆ, ಕೊನೆಯ ಸಾಲು ಅಲ್ಲೂ ಇದೇ. ಅಲ್ಲಿ ‘ಅರ್ಲಿ-ಇನಿಟ್’ ಕಡತದೊಳಗೆ ‘ಸೆಟೆನ್ವ್’ ಮೂಲಕ ಲೈಬ್ರರಿ_ಪಾತ್ ಕೊಡುವುದು ರೂಢಿ.

ಲ್ಯಾಬಿನಲ್ಲಿ ಆ ದಾರಿ ಹಿಡಿಯಲಿಲ್ಲ. 12ರ ಡ್ರೈವರ್‌ಗೆ 11ರ ತುಣುಕು ಕೊಟ್ಟು ನಡೆಸಬಹುದು, ನಡೆದೂ ಇತ್ತು. ಆದರೆ ಮುಂದೆ ಯಾರಾದರೂ 11ನ್ನು ತೆಗೆದರೆ ಈಮ್ಯಾಕ್ಸ್ ಏಕೆ ಕೆಟ್ಟಿತು ಎಂದು ಹುಡುಕುವವರಿಗೆ ಸುಳಿವೇ ಸಿಗುವುದಿಲ್ಲ. ಎಲ್ಲ 23 ಸಿಸ್ಟಮ್‌ಗಳಿಗೂ ಬಿನ್‌ಯುಟಿಲ್ಸ್, ಲಿಬ್‌ಸಿ6-ಡೆವ್, ಲಿಬ್‌ಜಿಸಿಸಿ-12-ಡೆವ್ ಈ ಮೂರನ್ನು ಹೆಸರು ಹಿಡಿದು ಹಾಕಿದರು. ಬ್ಯಾಶ್‌ಆರ್‌ಸಿಯ ಸಾಲು ತೆಗೆದರು, ಟೈಪಿಂಗ್ ಕೋಣೆಯ ಎರಡು ತಾತ್ಕಾಲಿಕ ಸಾಲುಗಳನ್ನೂ ತೆಗೆದರು.

ಪರೀಕ್ಷಿಸುವ ಬಗೆಯನ್ನೂ ಆಗ ಬದಲಿಸಿದರು. ನಾಲ್ಕು ಸಾಲಿನ ಒಂದು ಲಿಸ್ಪ್ ಕಡತ. ಟರ್ಮಿನಲ್‌ನಲ್ಲಿ ಈಮ್ಯಾಕ್ಸನ್ನು ದೊಡ್ಡ ಕ್ಯೂ ಸ್ವಿಚ್ (ಇನಿಟ್ ಕಡತ ಓದಬೇಡ ಎಂದು ಹೇಳುವುದು), ಬ್ಯಾಚ್ ಸ್ವಿಚ್ ಹಾಕಿ, ಎಫ್ ಸ್ವಿಚ್‌ನ ಮುಂದೆ ‘ಬ್ಯಾಚ್-ನೇಟಿವ್-ಕಂಪೈಲ್’ ಎಂದು ಬರೆದು, ಕೊನೆಗೆ ಕಡತದ ಹೆಸರು. ಇಎಲ್‌ಎನ್-ಕ್ಯಾಶ್‌ನೊಳಗೆ ‘29.1’ರಿಂದ ಶುರುವಾಗುವ ಫೋಲ್ಡರಿನಲ್ಲಿ ಹೊಸ ಕಡತ ಹುಟ್ಟಿದರೆ ಪಾಸ್. ಲೈಬ್ರರಿ ಇದೆಯೇ ಎಂದು ಕೇಳುವುದಕ್ಕಿಂತ ಒಂದು ಕೆಲಸ ಕೊಟ್ಟು ಮುಗಿಯಿತೇ ಎಂದು ನೋಡುವುದು ಎಷ್ಟೋ ಮೇಲು. ಇದು ಟರ್ಮಿನಲ್‌ನ ಪರೀಕ್ಷೆ. ಮೆನುವಿನಿಂದ ತೆರೆದ ಈಮ್ಯಾಕ್ಸ್‌ನಲ್ಲೂ ಅದೇ ಕಡತಕ್ಕೆ ‘ನೇಟಿವ್-ಕಂಪೈಲ್’ ಕೊಟ್ಟು ನೋಡಿದರು.

ಸರಿಯಾದ ಮೇಲೆ ಕೆಟ್ಟದ್ದು

24 ಸಿಸ್ಟಮ್‌ಗಳೂ ಪಾಸಾದವು. ಎರಡನೇ ದಿನ ಮಧ್ಯಾಹ್ನ ಮಾರ್ಕ್ಸ್ ಪಟ್ಟಿ ತುಂಬುತ್ತಿದ್ದ ಉಪನ್ಯಾಸಕಿಯೊಬ್ಬರಿಂದ ದೂರು ಬಂತು: “ಮುಂಜಾನೆ ಛಲೋ ನಡದಿತ್ರಿ. ಐದ ನಿಮಿಷ ಆದ ಮ್ಯಾಲ ಅದ ಬಟನ್ ಒತ್ತಿದ್ರ ಎರರ್ ಬರ್ಲಿಕ್ಕತ್ತದ. ನಾ ಏನೂ ಬದಲ ಮಾಡಿಲ್ಲರಿ.” ಅವರು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಎರರ್ ಹೀಗಿತ್ತು: ‘ಇನ್‌ವ್ಯಾಲಿಡ್ ಫಂಕ್ಷನ್: ಪ್ರತಿ-ಇಟ್ಟು’.

ಮಾರ್ಕ್ಸ್ ಪಟ್ಟಿಯ ಉಪಕರಣ ಸಿಬ್ಬಂದಿಯೇ ಬರೆದದ್ದು, ಎರಡು ಕಡತ. ‘ಅಂಕ-ಮೂಲ’ದಲ್ಲಿ ‘ಪ್ರತಿ-ಇಟ್ಟು’ ಎಂಬ ಮ್ಯಾಕ್ರೊ, ಅಂದರೆ ಕಂಪೈಲ್ ಹೊತ್ತಿನಲ್ಲೇ ಬೇರೆ ಕೋಡಾಗಿ ಬಿಡಿಸಿಕೊಳ್ಳುವ ತುಣುಕು: ಪಟ್ಟಿಯ ಕಡತದ ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಒಳಗೆ ಕೊಟ್ಟ ಕೆಲಸ ನಡೆಸುವುದು. ‘ಅಂಕ-ಪಟ್ಟಿ’ಯಲ್ಲಿ ಅದನ್ನು ಬಳಸಿ ಅಂಕ ಬರೆಯುವ ಫಂಕ್ಷನ್‌ಗಳು. ಇನಿಟ್ ಕಡತ ಮೊದಲು ಮೂಲವನ್ನು, ಆಮೇಲೆ ಪಟ್ಟಿಯನ್ನು ಲೋಡ್ ಮಾಡುತ್ತಿತ್ತು. ಪಟ್ಟಿಯ ಕಡತದೊಳಗೆ ಮೂಲವನ್ನು ‘ರಿಕ್ವೈರ್’ ಮಾಡುವ, ಅಂದರೆ ಅದು ಮೊದಲು ಲೋಡ್ ಆಗಿರಬೇಕು ಎನ್ನುವ ಸಾಲು ಇರಲಿಲ್ಲ. ಬೈಟ್ ಕಂಪೈಲ್ ಮಾಡಿದಾಗ, ಮೂಲ ಆಗಲೇ ಲೋಡ್ ಆಗಿದ್ದ ಎಡಿಟರ್‌ನೊಳಗೇ ಮಾಡಿದ್ದರಿಂದ ಮ್ಯಾಕ್ರೊ ಸರಿಯಾಗಿ ಬಿಡಿಸಿಕೊಂಡಿತ್ತು.

ಹಿನ್ನೆಲೆಯ ಈಮ್ಯಾಕ್ಸ್ ಹಾಗಲ್ಲ. ಅದು ಇನಿಟ್ ಕಡತ ಓದದ, ಹೊಸದಾಗಿ ಎದ್ದ ಈಮ್ಯಾಕ್ಸ್. ಕಡತಗಳನ್ನು ಎಲ್ಲಿ ಹುಡುಕಬೇಕು ಎಂಬ ‘ಲೋಡ್-ಪಾತ್’ ಅದಕ್ಕೆ ಸಿಗುತ್ತದೆ. ಯಾವುದು ಆಗಲೇ ಲೋಡ್ ಆಗಿದೆ ಎಂಬ ಜ್ಞಾನ ಸಿಗುವುದಿಲ್ಲ. ಪ್ರತಿ-ಇಟ್ಟು ಮ್ಯಾಕ್ರೊ ಎಂದು ಅದಕ್ಕೆ ಗೊತ್ತಿಲ್ಲ. ಯಾವುದೋ ಫಂಕ್ಷನ್ ಇರಬೇಕೆಂದು ಮಾಮೂಲಿ ಕರೆಯಾಗಿ ಕಂಪೈಲ್ ಮಾಡಿತು. ಕಂಪೈಲ್ ಮುಗಿದದ್ದೇ ತಡ, ಸರಿಯಿದ್ದ ಬೈಟ್ ಕೋಡಿನ ಜಾಗದಲ್ಲಿ ಈ ತಪ್ಪು ಕೋಡ್ ಬಂದು ಕುಳಿತಿತು. ಆ ಐದು ನಿಮಿಷದ ಲೆಕ್ಕ ಇದು. ಮರುದಿನದಿಂದ ಐದು ನಿಮಿಷವೂ ಸಿಗುತ್ತಿರಲಿಲ್ಲ, ಇಎಲ್‌ಎನ್ ಆಗಲೇ ಸಿದ್ಧವಿರುತ್ತಿತ್ತು.

ಎರರ್ ಬಂದದ್ದಕ್ಕಿಂತ ಕೆಟ್ಟದ್ದು ಎರರ್‌ಗೆ ಮುಂಚೆ ಆದದ್ದು. ಫಂಕ್ಷನ್ ಕರೆಯಲ್ಲಿ ಮೊದಲು ಆರ್ಗ್ಯುಮೆಂಟ್‌ಗಳು ನಡೆಯುತ್ತವೆ, ಕರೆ ಆಮೇಲೆ. ಮ್ಯಾಕ್ರೊದ ಒಳಗಿನ ಕೆಲಸ ಈಗ ಬರೀ ಆರ್ಗ್ಯುಮೆಂಟ್. ಹಾಗಾಗಿ ಅಂಕಗಳು ಮೊದಲು ಪಟ್ಟಿಗೆ ಬರೆದುಹೋದವು, ಪ್ರತಿ ತೆಗೆಯುವ ಮುನ್ನವೇ, ಆಮೇಲೆ ಎರರ್. ಕಾಪಾಡಲೆಂದೇ ಬರೆದ ಮ್ಯಾಕ್ರೊ ಕಾಪಾಡದೆ ಬರೆಯಲು ಬಿಟ್ಟಿತು. ಒಂದು ಸೆಕ್ಷನ್ನಿನ ಪಟ್ಟಿಯನ್ನು ಸಹಿಯಾದ ಕಾಗದದ ಪ್ರತಿ ನೋಡಿ ಮತ್ತೆ ತುಂಬಬೇಕಾಯಿತು.

ಈ ದೋಷ ಮೊದಲ ದಿನದಿಂದಲೂ ಇತ್ತು. ಡ್ರೈವರ್ ಕೆಟ್ಟಿದ್ದಷ್ಟು ದಿನ ಇಎಲ್‌ಎನ್ ಹುಟ್ಟದೆ, ಹಳೆಯ ಬೈಟ್ ಕೋಡೇ ನಡೆದು, ಯಾರಿಗೂ ಕಾಣಲಿಲ್ಲ. ಡ್ರೈವರ್ ಮೊದಲಿನಿಂದಲೂ ಸರಿಯಿದ್ದ ಇನ್‌ಸ್ಟ್ರಕ್ಟರ್ ಸಿಸ್ಟಮ್‌ನಲ್ಲಿ ಮಾರ್ಕ್ಸ್ ಉಪಕರಣವನ್ನು ಯಾರೂ ತೆರೆದಿರಲಿಲ್ಲ. “ರಿಪೇರಿ ಮಾಡಿದ ಮ್ಯಾಲ ಕೆಟ್ಟತು” ಎಂಬ ಮಾತು ಬಂದಾಗ ಮೂರು ಪ್ಯಾಕೇಜುಗಳನ್ನು ಹಿಂದೆ ತೆಗೆಯುವ ಯೋಚನೆ ಆಯಿತು. ಹಾಗೆ ಮಾಡಿದ್ದರೆ ಎರರ್ ಮಾಯವಾಗುತ್ತಿತ್ತು, ಹೊಸ ಸಿಸ್ಟಮ್ ಬಂದ ದಿನ ಮತ್ತೆ ಏಳುತ್ತಿತ್ತು.

ಹಳೆಯ ಲಾಗುಗಳನ್ನು ಮತ್ತೆ ತೆರೆದು ನೋಡಿದರು. ಟೈಪಿಂಗ್ ಕೋಣೆಯಿಂದ ಮೊದಲ ವಾರವೇ ಉಳಿಸಿಕೊಂಡಿದ್ದ ಲಾಗಿನಲ್ಲಿ, ಡ್ರೈವರ್ ಎರರ್‌ಗಿಂತ ಕೆಲವು ಸಾಲು ಮೇಲೆ, ‘ಪ್ರತಿ-ಇಟ್ಟು’ ಎಂಬ ಫಂಕ್ಷನ್ ಎಲ್ಲೂ ಇರುವಂತೆ ಕಾಣುತ್ತಿಲ್ಲ ಎಂಬ ವಾರ್ನಿಂಗ್ ಕುಳಿತಿತ್ತು. ಬೈಟ್ ಕಂಪೈಲ್‌ನ ಹಂತ ಮೊದಲು, ಜಿಸಿಸಿಯ ಹಂತ ಕೊನೆಗೆ. ಹಾಗಾಗಿ ವಿಫಲವಾದ ಕಂಪೈಲ್ ಕೂಡ ಈ ವಾರ್ನಿಂಗನ್ನು ಕೊಟ್ಟೇ ಕೊಟ್ಟಿತ್ತು. ಕಿಟಕಿ ಎದ್ದು ಹೇಳುತ್ತಿದ್ದದ್ದರಲ್ಲಿ ಇದೂ ಒಂದು. ಸೈಲೆಂಟ್ ಮಾಡಿದ್ದು ಅದನ್ನೇ.

ಹೊರಗಿನ ಪ್ಯಾಕೇಜಿನ ವಾರ್ನಿಂಗನ್ನೂ ನಮ್ಮದೇ ಕಡತದ ವಾರ್ನಿಂಗನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ನಮ್ಮ ಕಡತದ ಬಗ್ಗೆ, ಅದರಲ್ಲೂ ಮ್ಯಾಕ್ರೊ ಹೆಸರಿನ ಬಗ್ಗೆ, ಇಂಥದೊಂದು ಸಾಲು ಬಂದರೆ ಅದನ್ನು ಎರರ್ ಎಂದೇ ಓದಬೇಕು. ಫಂಕ್ಷನ್ ಆಗಿದ್ದರೆ ನಡೆಯುವ ಹೊತ್ತಿಗೆ ಅದು ಸಿಕ್ಕೀತು, ಕೆಡುಕಾಗದು. ಮ್ಯಾಕ್ರೊ ಆಗಿದ್ದರೆ ಕಂಪೈಲ್ ಹೊತ್ತಿನಲ್ಲೇ ಗೊತ್ತಿರಬೇಕು, ಆಮೇಲೆ ಸಿಕ್ಕರೆ ಪ್ರಯೋಜನವಿಲ್ಲ.

ಮಾಡಿದ ರಿಪೇರಿ ಚಿಕ್ಕದು. ಅಂಕ-ಮೂಲದ ಕೊನೆಗೆ ‘ಪ್ರೊವೈಡ್’ ಸಾಲು. ಅಂಕ-ಪಟ್ಟಿಯ ತಲೆಗೆ ‘ರಿಕ್ವೈರ್’ ಸಾಲು. ಮ್ಯಾಕ್ರೊ ಮಾತ್ರ ಬೇಕಿದ್ದರೆ ಅದನ್ನು ‘ಇವಾಲ್-ವೆನ್-ಕಂಪೈಲ್’ ಒಳಗಿಟ್ಟರೂ ಸಾಕಿತ್ತು. ಇಲ್ಲಿ ಮೂಲದ ಕೆಲವು ಫಂಕ್ಷನ್‌ಗಳೂ ಬೇಕಿದ್ದರಿಂದ ಸರಳ ರಿಕ್ವೈರ್ ಇಟ್ಟರು. ಯಾವುದೇ ಡಾಟ್ ಇಎಲ್ ಕಡತದ ಒಳಹೂರಣ ಬದಲಾದರೆ ಅದರ ಇಎಲ್‌ಎನ್ ಕಡತದ ಹೆಸರಿನೊಳಗಿನ ಹ್ಯಾಶ್ (ಒಳಹೂರಣದಿಂದ ಲೆಕ್ಕಹಾಕಿದ ಗುರುತು) ಕೂಡ ಬದಲಾಗುತ್ತದೆ, ಹಾಗಾಗಿ ಪಟ್ಟಿಗೆ ಹೊಸ ಇಎಲ್‌ಎನ್ ತಾನಾಗಿ ಹುಟ್ಟಿತು. ಇಲ್ಲೊಂದು ಹೊಂಡವಿದೆ: ಮುಂದೆ ಮ್ಯಾಕ್ರೊವನ್ನು ಮಾತ್ರ ತಿದ್ದಿದರೆ ಬದಲಾಗುವುದು ಅಂಕ-ಮೂಲ, ಅಂಕ-ಪಟ್ಟಿಯ ಒಳಹೂರಣ ಹಾಗೇ ಇರುತ್ತದೆ, ಹಳೆಯ ಮ್ಯಾಕ್ರೊ ಬಿಡಿಸಿಟ್ಟ ಕೋಡೇ ನಡೆಯುತ್ತದೆ. ಮ್ಯಾಕ್ರೊ ತಿದ್ದಿದಾಗಲೆಲ್ಲ ಅದನ್ನು ಬಳಸುವ ಕಡತಗಳನ್ನೂ ಮತ್ತೆ ಕಂಪೈಲ್ ಮಾಡಬೇಕು. ಬೈಟ್ ಕೋಡಿಗೂ ಈ ಮಾತು ಅನ್ವಯ.

ಪರೀಕ್ಷೆಯ ವಾರವಾಗಿದ್ದರೆ ಇನ್ನೊಂದು ದಾರಿಯಿತ್ತು: ಕಡತದ ಮೊದಲ ಸಾಲಿನ ಗುರುತುಗಳಲ್ಲಿ ‘ನೋ-ನೇಟಿವ್-ಕಂಪೈಲ್’ಗೆ ಟಿ ಕೊಡುವುದು, ಅಥವಾ ‘ನೇಟಿವ್-ಕಾಂಪ್-ಜಿಟ್-ಕಂಪೈಲೇಶನ್-ಡೆನೈ-ಲಿಸ್ಟ್’ನಲ್ಲಿ ಆ ಕಡತದ ಹೆಸರಿನ ಮಾದರಿ ಸೇರಿಸುವುದು. ಇಡೀ ಲ್ಯಾಬಿನ ಸೌಲಭ್ಯ ನಿಲ್ಲಿಸದೆ ಒಂದೇ ಕಡತವನ್ನು ಹೊರಗಿಡಬಹುದು.

ಕರೆಂಟ್ ಹೋದ ದಿನ ಮತ್ತು ಆಮೇಲೆ

ಒಂದು ಸಣ್ಣ ಘಟನೆ ಉಳಿದಿದೆ. ಯುಪಿಎಸ್ ಇಲ್ಲದ ಟೈಪಿಂಗ್ ಕೋಣೆಯಲ್ಲಿ ಕಂಪೈಲ್ ನಡೆಯುವಾಗ ಕರೆಂಟ್ ಹೋಗಿ, ಒಂದು ಸಿಸ್ಟಮ್‌ನಲ್ಲಿ ಸೊನ್ನೆ ಬೈಟಿನ ಇಎಲ್‌ಎನ್ ಉಳಿಯಿತು. ಲೋಡ್ ಮಾಡಲು ಹೋದರೆ ‘ಫೈಲ್ ಟೂ ಶಾರ್ಟ್’. ಇಲ್ಲಿ ಅಳಿಸುವುದೇ ಸರಿಯಾದ ಮದ್ದು. ಇಡೀ ಕ್ಯಾಶ್ ಅಳಿಸದೆ, ‘ಫೈಂಡ್’ನಿಂದ ಸೊನ್ನೆ ಗಾತ್ರದ ಕಡತ ಹುಡುಕಿ ಅದೊಂದನ್ನೇ ತೆಗೆದರು.

ಆಮೇಲೆ ಇನ್‌ಸ್ಟ್ರಕ್ಟರ್ ಸಿಸ್ಟಮ್‌ನಲ್ಲಿ ಈಮ್ಯಾಕ್ಸನ್ನು ಮತ್ತೊಮ್ಮೆ ಕಟ್ಟಿದರು, ಈ ಸಲ ನೇಟಿವ್ ಕಂಪೈಲ್ ಆಯ್ಕೆಗೆ ‘ಎಓಟಿ’ ಎಂಬ ಬೆಲೆ ಕೊಟ್ಟು. ಈಮ್ಯಾಕ್ಸ್ ಜೊತೆ ಬರುವ ಲಿಸ್ಪ್ ಕಡತಗಳೆಲ್ಲ ಕಟ್ಟುವಾಗಲೇ ಕಂಪೈಲ್ ಆಗಿ, ನಕಲಿನ ಜೊತೆ ಹೋದವು. ವಿದ್ಯಾರ್ಥಿಗಳ ಸಿಸ್ಟಮ್‌ಗಳಿಗೆ ಉಳಿದದ್ದು ಹೊರಗಿನ ಪ್ಯಾಕೇಜುಗಳು, ಕಾಲೇಜಿನ ಕಡತಗಳು, ಟ್ರ್ಯಾಂಪೊಲಿನ್‌ಗಳು ಮಾತ್ರ. ಆ ಮೂರು ಪ್ಯಾಕೇಜುಗಳು ಇನ್ನೂ ಬೇಕೇ ಬೇಕು. ಬೇಸಿಗೆ ಮುಗಿಯುವವರೆಗೆ ಜಾಬ್ಸ್-ನಂಬರ್ ಒಂದಕ್ಕೆ ಇಳಿಸಿದರು. ಕಂಪೈಲ್ ನಿಧಾನವಾಯಿತು, ಕೋಣೆ ತಂಪಾಯಿತು.

ಸೈಲೆಂಟ್ ಸೆಟ್ಟಿಂಗ್ ವಿದ್ಯಾರ್ಥಿಗಳ ಸಿಸ್ಟಮ್‌ಗಳಲ್ಲಿ ಹಾಗೇ ಇದೆ. ಇನ್‌ಸ್ಟ್ರಕ್ಟರ್ ಸಿಸ್ಟಮ್‌ನಲ್ಲಿ ಅದನ್ನು ತೆಗೆದಿದ್ದಾರೆ. ಕಾಲೇಜಿನ ಯಾವ ಲಿಸ್ಪ್ ಕಡತವಾದರೂ ಉಳಿದ 23ಕ್ಕೆ ಹೋಗುವ ಮುನ್ನ, ದೊಡ್ಡ ಕ್ಯೂ ಸ್ವಿಚ್ ಮತ್ತು ಆ ಫೋಲ್ಡರಿನ ಹಾದಿ ಕೊಡುವ ದೊಡ್ಡ ಎಲ್ ಸ್ವಿಚ್ ಮಾತ್ರ ಹಾಕಿದ ಹೊಸ ಈಮ್ಯಾಕ್ಸ್‌ನಲ್ಲಿ ಒಂದು ವಾರ್ನಿಂಗ್ ಕೂಡ ಇಲ್ಲದೆ ಕಂಪೈಲ್ ಆಗಬೇಕು.